ಶ್ರೀರಾಂಪುರದ ಕೆಲ್ಪ್ ಕಾಡು

ಮಾರ್ಚ್ 18, 2025

ಮತ್ತೆ ಅದೇ ಫಲಕ. ಕುಕ್ಕರ್ ಕೂಗುತ್ತಿದ್ದರೂ ಏಳಲಿಲ್ಲ, ತಿದ್ದುತ್ತಲೇ ಇದ್ದೆ. ಶ್ರೀರಾಂಪುರದಲ್ಲಿ ನಂಜುಂಡಸ್ವಾಮಿಯವರು ಕಟ್ಟಿಸುತ್ತಿರುವ ಅಕ್ವೇರಿಯಂಗೆ ಕನ್ನಡ ಫಲಕಗಳನ್ನು ಬರೆಯುವ ಕೆಲಸ. ಬೇಸಿಗೆ ರಜೆಗೆ ಬಾಗಿಲು ತೆರೆಯಬೇಕಂತೆ. ಒಂದು ಹಾಲ್ ಪೂರ್ತಿ ಕೆಲ್ಪ್ ಕಾಡು — ಪ್ಲಾಸ್ಟಿಕ್ಕಿನದು, ನೆಲದಿಂದ ಸೂರಿನವರೆಗೆ. ನಿಜವಾದದ್ದು ತಣ್ಣನೆಯ ಕಡಲಿನಲ್ಲಿ ತೆಂಗಿನ ಮರದೆತ್ತರ ಬೆಳೆಯುವ ಕಂದು ಪಾಚಿ. ಎಂ.ಎಸ್ಸಿ.ಯಲ್ಲಿ ಪಾಚಿಗಳನ್ನೇ ಓದಿದವಳು ನಾನು. ಕೆಲ್ಪ್ ಕಂಡದ್ದು ಮಾತ್ರ ಹಾಳೆಗೆ ಅಂಟಿಸಿದ ಒಂದು ಒಣ ತುಂಡಾಗಿ.

ಕೊನೆಯ ಪ್ಯಾರಾ ಅಂತೂ ಸರಿಯಾಗಿ ಕೂತಿತು: ‘ಕಡಲು ಬಿಸಿಯಾಗುತ್ತಿದೆ. ಬಿಸಿ ನೀರಿನಲ್ಲಿ ಕೆಲ್ಪಿಗೆ ಪೋಷಕಾಂಶ ಸಾಲದು. ಸೊರಗಿದ ಕಾಡನ್ನು ಮುಳ್ಳುಚೆಂಡಿನಂಥ ಪ್ರಾಣಿಗಳು ಬುಡದವರೆಗೆ ಮೇಯುತ್ತವೆ. ತಾಸ್ಮೇನಿಯಾ ದ್ವೀಪದ ಪೂರ್ವ ತೀರದಲ್ಲಿ ದೈತ್ಯ ಕೆಲ್ಪ್ ಬಹುತೇಕ ಅಳಿದುಹೋಗಿದೆ.’

ಮಾರ್ಚ್ 21

ಪ್ರೂಫ್ ಬಂತು. ಕೊನೆಯ ಪ್ಯಾರಾ ಇಲ್ಲ. ಅದರ ಜಾಗದಲ್ಲಿ ‘ಅನಾದಿಕಾಲದಿಂದ ಹಚ್ಚಗೆ ನಿಂತಿರುವ ಕಾಡು’. ಕೆಳಗೆ ನನ್ನ ಹೆಸರು. ಕಂದು ಪಾಚಿ, ಹಚ್ಚಗೆ ಬೇರೆ... ನಂಜುಂಡಸ್ವಾಮಿಯವರಿಗೆ ಫೋನ್ ಮಾಡಿದೆ.

“ಚೆನ್ನಾಗೇ ಬರ್ದಿದೀರ ಮೇಡಂ. ರಜಾ ಅಂತ ಬರೋ ಮಕ್ಳನ್ನ ಯಾಕೆ ಅಳ್ಸೋದು ಅಂತ, ಬುಡಿ.”

“ಅಳಲ್ಲ ಸರ್. ಪ್ರಶ್ನೆ ಕೇಳ್ತಾರೆ.”

“ಅದೇ ಕಣ್ರೀ ತೊಂದ್ರೆ. ಕೇಳಿದ್ರೆ ಅಲ್ಲಿ ನಿಂತ್ಕೊಂಡು ಹೇಳೋರ್ಯಾರು?”

ಪ್ಯಾರಾ ಹಾಕಿ, ಇಲ್ಲವೇ ನನ್ನ ಹೆಸರು ತೆಗೆಯಿರಿ ಎಂದೆ. ನೋಡೋಣ ಎಂದರು. ಅವರ ‘ನೋಡೋಣ’ ಗೊತ್ತು.

ಮಾರ್ಚ್ 22

ಊಟದ ಹೊತ್ತಿಗೆ ನನ್ನವರಿಗೆ ಹೇಳಿದೆ. ರವಿಚಂದ್ರ ಮೊಸರನ್ನ ಕಲಸುತ್ತಲೇ, “ರಾಮಕೃಷ್ಣನಗರದಲ್ಲಿ ಕೂತ್ಕೊಂಡು ತಾಸ್ಮೇನಿಯಾ ಪರ ಜಗಳಕ್ಕೆ ಹೊರಟಿದೀಯ. ಮೊದ್ಲು ಬಚ್ಚಲು ಕೊಳಾಯಿ ಸೋರೋದು ನೋಡು” ಎಂದರು. ನಗಲಿಲ್ಲ ನಾನು.

ಕವಿತೆ ಓದಲು ಕೂತೆ. ಯಾವ ಪುಟ ತೆರೆದರೂ ಕಡಲು ಶಾಶ್ವತ, ಮನುಷ್ಯ ಕ್ಷಣಿಕ. ಇಷ್ಟು ವರ್ಷ ತಲೆದೂಗಿದ ಸಾಲುಗಳು. ಕವಿಗಳ ಮೇಲೂ ಸಿಟ್ಟು ಬಂತು. ಮುಚ್ಚಿಟ್ಟೆ.

ಏಪ್ರಿಲ್ 6

ಅಕ್ವೇರಿಯಂ ಮ್ಯಾನೇಜರ್ ಲಿಂಗರಾಜು ಫೋನ್. ದನಿ ಇಳಿದಿತ್ತು.

“ಲೈಟ್ ಹಾಕಿ ಟ್ರಯಲ್ ನೋಡ್ತಿದ್ವಿ ಮೇಡಂ. ಆ ಬಿಸಿಗೆ ಪ್ಲಾಸ್ಟಿಕ್ ಗಿಡಗಳೆಲ್ಲ ಜೋತುಬಿದ್ಬುಟ್ಟಿವೆ. ಸಾಹೇಬ್ರು ಬೆಳಿಗ್ಗೆಯಿಂದ ತಿಂಡೀನೂ ತಿಂದಿಲ್ಲ.”

ಮೊದಲು ನಗು ಬಂತು. ಆಮೇಲೆ ಅವನು ಹೇಳಿದ, ಸಂಜೆಯೊಳಗೆ ಎರಡು ಎ.ಸಿ. ಕೂರಿಸುತ್ತಿದ್ದಾರೆ ಎಂದು. ನಗು ಹೋಯಿತು. ಪ್ಲಾಸ್ಟಿಕ್ ಬಾಡಿದರೆ ಸಂಜೆಯೊಳಗೆ ತಂಪು. ನಿಜವಾದದ್ದು ಬಾಡಿದೆ ಎಂದು ಬರೆದರೆ ಆ ಸಾಲನ್ನೇ ಅಳಿಸಿಹಾಕುವುದು.

“ಬಗ್ಗಿರೋದು ಇನ್ನು ನೆಟ್ಟಗಾಗಲ್ವಂತೆ. ಅಲೆಗೆ ಬಾಗಿದೆ ಅಂತ ನೀವೊಂದ್ ಲೈನ್ ಬರ್ಕೊಟ್ರೆ...”

“ಬರೆಯಲ್ಲ ಅಂತ ಹೇಳಪ್ಪ ನಿಮ್ಮ ಸಾಹೇಬರಿಗೆ.”

ಫೋನ್ ಇಟ್ಟೆ. ಬಿಸಿಲು ಇಳಿದ ಮೇಲೂ ಸಿಟ್ಟು ಇಳಿಯಲಿಲ್ಲ.

ಏಪ್ರಿಲ್ 10, ರಾತ್ರಿ 8

ಉದ್ಘಾಟನೆ. ಹೋಗಬಾರದೆಂದಿದ್ದೆ, ಹೋದೆ. ಫಲಕ ನೋಡಿದೆ. ‘ಅಲೆಗಳಿಗೆ ಬಾಗಿ ನರ್ತಿಸುವ, ಅನಾದಿಕಾಲದ ಹಚ್ಚನೆಯ ಕಾಡು.’ ಕೆಳಗೆ ನನ್ನ ಹೆಸರು, ಹಾಗೇ. ಎ.ಸಿ. ಗಾಳಿಗೆ ಮೈ ಕೊರೆಯುತ್ತಿತ್ತು, ಒಳಗೆ ಉರಿ.

ಪಕ್ಕದಲ್ಲಿ ಒಬ್ಬ ಅಜ್ಜಿ, ಎರಡು ಮೊಮ್ಮಕ್ಕಳು. ಅಜ್ಜಿ ಗಿಡಗಳನ್ನು ತಲೆಯೆತ್ತಿ ನೋಡಿ ನನ್ನನ್ನು ಕೇಳಿದರು:

“ಇದ್ಯಾಕವ್ವ ಇಂಗೆ ಬಾಡೋಗದೆ? ಬೋರ್ಡಲ್ಲಿ ಕುಣೀತದೆ ಅಂತ ಬರ್ದವ್ರಂತೆ, ನಮ್ಮುಡುಗಿ ಓದ್ತು.”

“ಬಿಸಿಗೆ” ಎಂದೆ.

“ಈ ಲೈಟಿನ್ ಬಿಸೀಗಾ?”

“ಇಲ್ಲಿ ಲೈಟಿನದು. ಕಡಲಲ್ಲಿ ನೀರೇ ಬಿಸಿ ಆಗ್ತಿದೆ.”

ನಂಜುಂಡಸ್ವಾಮಿಯವರು ಅತಿಥಿಗಳನ್ನು ಬಿಟ್ಟು ನಮ್ಮ ನಡುವೆ ಬಂದು ನಿಂತರು. ಮುಖದಲ್ಲಿ ನಗು. “ಮೇಡಂ, ಬನ್ನಿ, ಕಾಫಿ ಆರೋಗ್ತದೆ.”

ಅಜ್ಜಿ ಅವರನ್ನು ಒಂದು ಕೈಯಿಂದ ಪಕ್ಕಕ್ಕೆ ಸರಿಸಿದರು. “ಇರಪ್ಪ, ಆಯಮ್ಮ ಏಳ್ತಾವ್ರಲ್ಲ.”

ಮೊಮ್ಮಕ್ಕಳು ಹತ್ತಿರ ಬಂದವು. ಅವುಗಳ ಹಿಂದೆ ಇನ್ನೂ ನಾಲ್ಕೈದು ಜನ. ನಂಜುಂಡಸ್ವಾಮಿ ನಗುತ್ತಲೇ ಇದ್ದರು. ಫಲಕಕ್ಕೆ ಬೆನ್ನು ಹಾಕಿ ನಿಂತೆ. ಸಿಟ್ಟಿಗೆ ದನಿ ಒಡೆಯುತ್ತಿತ್ತು, ಒಡೆಯಲಿ. “ಕಡಲಲ್ಲಿ ಈ ಕಾಡು ಇದ್ದ ಕಡೆ ಈಗ ಬರೀ ಬಂಡೆ ಇದೆ, ಯಾಕೆ ಅಂದರೆ —” ಎಂದು ಶುರುಮಾಡಿದೆ.