ಗೌತಮನ ಬಲಗಾಲಿನ ಶೂ

ಜುಲೈ 27, ಭಾನುವಾರ. ಬೆಳಿಗ್ಗೆ 6.40

ಕಿವಿಯ ಮಿಷಿನ್ನು ಒಣಗಿದೆ. ಒಣಗಿಸುವ ಡಬ್ಬಿಯಿಂದ ತೆಗೆದು, ಬ್ಯಾಟರಿ ಹಾಕಿ ಮೇಜಿನ ಮೇಲಿಟ್ಟೆ. ಗೌತಮ ಎದ್ದು ಬಂದು ಪಕ್ಕದಲ್ಲೇ ಕೂತಿದ್ದಾನೆ. ತೊಟ್ಟಿಲ್ಲ ಇನ್ನೂ. ತೊಡುವವರೆಗೆ ಅವನಿಗೆ ಈ ಮನೆ ನಿಶ್ಶಬ್ದ — ಮಿಕ್ಸಿಯಿಲ್ಲ, ಅಕ್ಕ ತೇಜುವಿನ ಜಗಳವಿಲ್ಲ, ಅಪ್ಪನ ಉಪದೇಶವಿಲ್ಲ. ಒಮ್ಮೊಮ್ಮೆ ಹೊಟ್ಟೆಕಿಚ್ಚಾಗುತ್ತದೆ.

ಐದು ವರ್ಷ ಅವನಿಗೆ. ಕಿವಿಯ ಆಪರೇಷನ್ ಆಗಿ ಮೂರು. ಮಿಷಿನ್ನಿನ ಒಂದು ತುಂಡು ತಲೆಯೊಳಗೆ, ಇನ್ನೊಂದು ಹೊರಗೆ, ಅಯಸ್ಕಾಂತದಿಂದ ಅಂಟಿಕೊಂಡು. ಹೊರಗಿನದಿದ್ದರೆ ಕೇಳುತ್ತದೆ, ಇಲ್ಲದಿದ್ದರೆ ಇಲ್ಲ. ಮಾತು ಕಲಿಸಿದವರು ನಾವಲ್ಲ — ಪಕ್ಕದ ಮನೆಯಲ್ಲಿ ಡೇಕೇರ್ ನಡೆಸುವ ಕ್ಯಾರಲ್. ಎಪ್ಪತ್ತು ವರ್ಷ. ಒಂದೊಂದು ಪದವನ್ನೂ ನೂರು ಸಲ ಹೇಳಿಸಿದರು. ಇಡೀ ಬೆರ್ರಿಯೆಸಾ ಬಡಾವಣೆಯಲ್ಲಿ ‘ಹನುಮಂತರಾಜು’ ಎಂದು ನನ್ನನ್ನು ಪೂರ್ತಿ ಕರೆಯುವ ಅಮೆರಿಕನ್ ಅವರೊಬ್ಬರೇ.

ಆಗಸ್ಟ್ 13ಕ್ಕೆ ಅವನಿಗೆ ಕಿಂಡರ್‌ಗಾರ್ಟನ್. ಡೇಕೇರ್ ಮುಗಿಯಿತಲ್ಲ, ಎಲ್ಲರೂ ಒಟ್ಟಿಗೆ ಒಂದು ಟ್ರಿಪ್ ಹೋಗೋಣ ಎಂದಿದ್ದಾರೆ ಕ್ಯಾರಲ್. ಅವರು ಮಾರ್ಮನ್ ಎಂಬ ಕ್ರೈಸ್ತ ಪಂಗಡದವರು. ಬೆಟ್ಟದ ಕಡೆ ಅವರ ಮುತ್ತಜ್ಜಿಯ ಮರದ ಮನೆಯಿದೆಯಂತೆ, ಈಗ ಮ್ಯೂಸಿಯಂ.

ಆಗಸ್ಟ್ 1, ಶುಕ್ರವಾರ

ಪ್ಯಾಕಿಂಗು. ಹೆಂಡತಿ ಹೇಮಳ ಹೊಸ ಚಿಂತೆ:

“ಕ್ಯಾರಲ್ ಕಾಫಿ, ಟೀ ಎರಡೂ ಮುಟ್ಟಲ್ಲ ಕಣ್ರೀ. ಧರ್ಮದಲ್ಲಿಲ್ವಂತೆ.”

“ನಮ್ಮ ಧರ್ಮದಲ್ಲಿದೆಯಲ್ಲ.”

“ನಿಮ್ಮದ್ರಲ್ಲಿ ಅದೊಂದೇ ಇರೋದು.”

ಫ್ಲಾಸ್ಕಿಗೆ ಟವೆಲ್ ಸುತ್ತಿ ಈಜಿನ ಬ್ಯಾಗಿನಲ್ಲಿ ಬಚ್ಚಿಟ್ಟಳು. ಸಿಕ್ಕಿತೋ ಕಾಫಿ, ಇಲ್ಲ ಮಾಫಿ.

ಈಜಿನ ಬ್ಯಾಗೆಂದರೆ ಹಳೆಯ ಜಗಳವೂ ಹೊರಬರುತ್ತದೆ. ಪೂಲಿನ ಬಳಿ ವಾಚು, ಕೀ ಎಲ್ಲ ಶೂ ಒಳಗೆ ತುರುಕುವುದು ನನ್ನ ಪದ್ಧತಿ. ಗೌತಮನೂ ಈಗ ಶಿಷ್ಯ: ಶೂ ಬಿಚ್ಚಿದನೋ, ಮಿಷಿನ್ನು ತೆಗೆದು ಒಳಗಿಟ್ಟ.

“ಅದಕ್ಕೇಂತ ಡಬ್ಬಿ ಇಲ್ವಾ?” ಎಂದಳು ಇವತ್ತೂ.

“ಶೂ ಯಾರು ಕದೀತಾರೆ?” ಎಂದೆ ಇವತ್ತೂ.

ಆಗಸ್ಟ್ 2, ಶನಿವಾರ. ಮಧ್ಯಾಹ್ನ 12.10

ಮ್ಯೂಸಿಯಮ್ಮಿನ ಕಲ್ಲುಬೆಂಚು. ಬೆಳಿಗ್ಗೆ ಓಕ್ಲ್ಯಾಂಡ್ ಬೆಟ್ಟದ ಮೇಲೆ ಅವರ ಬಿಳಿ ಟೆಂಪಲ್ ನೋಡಿದೆವು — ನಮ್ಮಂಥವರಿಗೆ ತೋಟದವರೆಗೆ ಪ್ರವೇಶ. ಅಲ್ಲಿಂದ ಎರಡೂವರೆ ಗಂಟೆ ಡ್ರೈವು.

ಇಲ್ಲಿ ಹಿಂದೆ ಮಾರ್ಮನ್ನರು ವಲಸೆ ಹೋಗುತ್ತಿದ್ದಂಥ ಕೈಬಂಡಿಗಳಿವೆ. ಎತ್ತಿಲ್ಲ, ಕುದುರೆಯಿಲ್ಲ, ಮನೆಮಂದಿಯೇ ಎಳೆಯಬೇಕು. ತಲೆಗೆ ಹದಿನೇಳು ಪೌಂಡು ಸಾಮಾನು, ಅಷ್ಟರಲ್ಲೇ ಸಂಸಾರ. ಕ್ಯಾರಲ್ ಅವರ ಮುತ್ತಜ್ಜಿ ಏಳು ವರ್ಷದವಳಿದ್ದಾಗ ಇಂಥದರ ಪಕ್ಕದಲ್ಲಿ ಸಾವಿರಕ್ಕೂ ಹೆಚ್ಚು ಮೈಲಿ ನಡೆದು ಯೂಟಾ ಸೇರಿದಳಂತೆ. ಕ್ಯಾಲಿಫೋರ್ನಿಯಾಕ್ಕೆ ಬಂದದ್ದು ಮದುವೆಯಾದ ಮೇಲೆ. ಇಬ್ಬರೂ ಮಕ್ಕಳನ್ನು ಕೂರಿಸಿಕೊಂಡು ನಾನೂ ಪ್ರಯತ್ನಿಸಿದೆ. ಬಂಡಿ ಎಳೆದೆ, ಮಂಡಿ ಕಳೆದೆ.

“ಅಪ್ಪ, ದಟ್ ವಾಸ್ ಲೈಕ್ ಟೆನ್ ಫೀಟ್,” ಎಂದಳು ತೇಜು.

ಒಂದು ಗಂಟೆಗೆ ಮಕ್ಕಳ ಆಟವಿದೆಯಂತೆ: ಹಳೆಯ ಬಟ್ಟೆ, ಪಾತ್ರೆ, ಬೂಟು ಎಲ್ಲ ಬಂಡಿಗೆ ತುಂಬಿ ಬಯಲು ಸುತ್ತುವುದು. ಅಷ್ಟರಲ್ಲಿ ಮುತ್ತಜ್ಜಿಯ ಮನೆ ನೋಡಿ ಬರಬೇಕು.

ಅದೇ ದಿನ, 1.25

ಮುತ್ತಜ್ಜಿಯ ಮನೆಯ ಬಾಗಿಲಲ್ಲಿ ಬಿಟ್ಟಿದ್ದ ಐದು ಜೊತೆ ಚಪ್ಪಲಿ-ಶೂ ಕಾಣೆ. ಗೌತಮನ ಮಿಷಿನ್ನು ಅವನ ಬಲಗಾಲಿನ ಶೂ ಒಳಗೆ. ಹೇಮ ಬರಿಗಾಲಲ್ಲಿ ಆಫೀಸಿಗೆ ಓಡಿದ್ದಾಳೆ. ಮಗು ಹಿಡ್ಕೊಂಡು ನಿಂತಿರಿ, ಬೇರೇನೂ ಮಾಡ್ಬೇಡಿ ಎಂದು ಅಪ್ಪಣೆ. ಶೂ ಇಲ್ಲ, ಕ್ಲೂ ಇಲ್ಲ... ಪ್ರಾಸವೂ ಹಿಡಿಸುತ್ತಿಲ್ಲ.

ಹೊಸದು ಬರಲು ಆರು ವಾರ. ಸ್ಕೂಲಿಗೆ ಹನ್ನೊಂದೇ ದಿನ. ಗೌತಮ ನನ್ನ ಮುಖವನ್ನೇ ನೋಡುತ್ತಿದ್ದಾನೆ. ನಗಲು ನೋಡಿದೆ.

ಅದೇ ದಿನ, 4.30. ವ್ಯಾನಿನಲ್ಲಿ

ಸಿಕ್ಕಿತು. ಸಿಕ್ಕಿತು, ಸಿಕ್ಕಿತು. ಹೇಮ ಓಡಿಸುತ್ತಿದ್ದಾಳೆ, ನನ್ನ ಕಾಲಿಗೆ ಪೆಡಲ್ ಒತ್ತಲಾಗುತ್ತಿಲ್ಲ. ಮೊದಲಿಂದ ಬರೆಯಬೇಕು.

ಮುತ್ತಜ್ಜಿಯ ಮನೆಯ ಹೊಸ್ತಿಲಲ್ಲಿ ಕ್ಯಾರಲ್ ದನಿ ತಗ್ಗಿತು. ಬಾಗಿಲ ಚೌಕಟ್ಟು ಸವರಿ, ಇಲ್ಲೇ ಅವಳು ಹನ್ನೊಂದು ಹೆತ್ತಳು, ನಾಲ್ಕನ್ನು ಕಳೆದುಕೊಂಡಳು ಎಂದರು. ಅಂಥ ಮನೆಗೆ ಮೆಟ್ಟು ಮೆಟ್ಟಿ ಹೋಗುವುದುಂಟೇ? ಯಾರೂ ಹೇಳಲಿಲ್ಲ; ನಾವು ನಾಲ್ವರೂ ಬಿಚ್ಚಿದೆವು. ಕ್ಯಾರಲ್ ನೋಡಿದರು. ಬಗ್ಗಿ ತಮ್ಮ ಲೇಸನ್ನೂ ಬಿಚ್ಚಿದರು.

ಒಳಗೆ ಗೌತಮನನ್ನು ಕರೆದೆ, ತಿರುಗಲಿಲ್ಲ. ಕಿವಿಯ ಹಿಂದೆ ಖಾಲಿ. ಎಲ್ಲಿ ಎಂದು ಸನ್ನೆ ಮಾಡಿದರೆ, ತನ್ನ ದನಿ ತನಗೇ ಕೇಳದವನು ಮಾಡು ಹಾರುವಂತೆ ಕೂಗಿದ: “ಇನ್ ಮೈ ಶೂ! ಲೈಕ್ ಅಪ್ಪ!”

ಹೊರಗೆ ಬಂದರೆ ಮೆಟ್ಟಿಲು ಬರಿದು.

“ಶೂ ಯಾರು ಕದೀತಾರೆ ಅಂದ್ರಲ್ಲ?” ಹೇಮ ಕೂಗಲಿಲ್ಲ. ಮೆಲ್ಲಗೇ ಹೇಳಿದಳು. ಕೂಗಿದ್ದರೆ ವಾಸಿಯಿತ್ತು.

ಯಾರೂ ಕದ್ದಿರಲಿಲ್ಲ, ಆಫೀಸಿನಲ್ಲಿ ಗೊತ್ತಾಯಿತು. ಮ್ಯೂಸಿಯಮ್ಮಿನ ಬಾಗಿಲಲ್ಲಿ ಶೂ ಬಿಟ್ಟು ಒಳಗೆ ಹೋಗುವ ಜನರನ್ನು ಅಲ್ಲಿನವರು ಕಂಡಿದ್ದರೆ ತಾನೇ! ಆಟದ ಸಾಮಾನೆಂದು ವಾಲಂಟಿಯರ್ ಅಜ್ಜ ಬುಟ್ಟಿಗೆ ಬಳಿದು, ಬಂಡಿಗಳಿಗೆ ಹಂಚಿಬಿಟ್ಟಿದ್ದರು. ಆರು ಬಂಡಿಗಳೂ ಆಗಲೇ ಬಯಲು ಸುತ್ತುತ್ತಿದ್ದವು.

ಓಡಿದೆವು. ಒಣಹುಲ್ಲು, ನೆಗ್ಗಿಲಮುಳ್ಳು. ಗೌತಮನ ಕೈ ಹಿಡಿದ ನಾನು, ಹೇಮ, ತೇಜು, ಹಿಂದೆ ಸ್ಕರ್ಟು ಎತ್ತಿಕಟ್ಟಿದ ಕ್ಯಾರಲ್, ಅವರೂ ಬರಿಗಾಲಲ್ಲಿ — ಮುತ್ತಜ್ಜಿ ನೋಡಿದ್ದರೆ ಗುರುತು ಹಿಡಿಯುತ್ತಿದ್ದಳು. ಎರಡನೆಯ ಬಂಡಿಯಲ್ಲಿ ನನ್ನ ಶೂ. ಮೂರನೆಯದರಲ್ಲಿ ಹೇಮಳ ಚಪ್ಪಲಿ. ಐದನೆಯದರಲ್ಲಿ ಗೌತಮನ ಎಡಗಾಲಿನದು. ಎಡಗಾಲಿನದು ಮಾತ್ರ.

ಆರನೆಯದಕ್ಕೆ ಬಟ್ಟೆಯ ಹೊದಿಕೆ. ಕಂಬಳಿ, ಬಾಣಲೆ, ಕೆಟಲು ಎಲ್ಲ ಎಳೆದು ಹಾಕುತ್ತಿದ್ದೆ. ಗೌತಮ ಅಂಗಿ ಜಗ್ಗಿ ಮೂಲೆ ತೋರಿಸಿದ. ಕತ್ತಲಲ್ಲಿ ಒಂದು ಕಿತ್ತಳೆ ದೀಪ. ಮಿಣುಕು... ಮಿಣುಕು. ತಲೆಯಿಂದ ಕಳಚಿದರೆ ಅದು ಹಾಗೆ ಮಿಣುಕುತ್ತದೆ. ರಾತ್ರಿ ಅದು ಡಬ್ಬಿ ಸೇರುವ ಮೊದಲು ದಿನವೂ ನೋಡುತ್ತಾನಲ್ಲ, ಅವನಿಗೆ ಗೊತ್ತು.

ತೊಡಿಸಿದೆ. “ಕೇಳ್ತಿದೆಯಾ ಮರೀ? ಕೇಳ್ತಿದೆಯಾ?”

“ಡೋಂಟ್ ಶೌಟ್, ಅಪ್ಪ.”

ಹೇಮ ಬಯಲಲ್ಲೇ ಕೂತುಬಿಟ್ಟಳು. ಹೆಗಲಲ್ಲಿದ್ದ ಈಜಿನ ಬ್ಯಾಗು ತೆರೆದು, ಎಲ್ಲರೆದುರೇ ಟವೆಲ್ ಬಿಚ್ಚಿ ಫ್ಲಾಸ್ಕು ತೆಗೆದು, ನನಗೊಂದು ಲೋಟ ಬಗ್ಗಿಸಿದಳು. ಕ್ಯಾರಲ್ ನಕ್ಕರು. ಓಕ್ಲ್ಯಾಂಡಿನಿಂದಲೇ ಘಮ ಬರುತ್ತಿತ್ತಂತೆ.

ಆಗಸ್ಟ್ 13, ಬುಧವಾರ. ಬೆಳಿಗ್ಗೆ 7.10

ಹನ್ನೊಂದು ದಿನ ಬರೆದಿಲ್ಲ. ಬರೆಯುವಂಥದ್ದೇನೂ ಆಗಲಿಲ್ಲ — ಆಹಾ, ಎಂಥ ಸುಖ. ಪಾದದ ಮುಳ್ಳು ಮೂರನ್ನು ಹೇಮ ಸೂಜಿಯಲ್ಲಿ ತೆಗೆದಳು. ದಿನಕ್ಕೊಂದರಂತೆ ಮಾತಿನಲ್ಲಿ ವಾಪಸು ಚುಚ್ಚುತ್ತಿದ್ದಾಳೆ. ಕ್ಯಾರಲ್ ಬಣ್ಣದ ದಾರ ಹೆಣೆದು ಕೊಟ್ಟಿದ್ದಾರೆ: ಒಂದು ತುದಿ ಮಿಷಿನ್ನಿಗೆ, ಇನ್ನೊಂದು ಅಂಗಿಯ ಕಾಲರಿಗೆ. ಸ್ಕೂಲಿನವರೆಗೆ ಅವರೂ ಬರುತ್ತಾರೆ. ಆಗಲೇ ಗೇಟಿನಲ್ಲಿ ನಿಂತಿದ್ದಾರೆ.

ಗೌತಮ ಪಕ್ಕದಲ್ಲಿ. ಶೂ ಕಾಲಲ್ಲಿ, ಮಿಷಿನ್ನು ತಲೆಯಲ್ಲಿ.

“ಅಪ್ಪ, ವಾಟ್ಸ್ ದಟ್ ಸೌಂಡ್?”

ಫ್ರಿಜ್ಜೇ? ಅಲ್ಲ. ಅಮ್ಮನ ಕುಕ್ಕರೇ? ಅಲ್ಲವಂತೆ. ಬೆರಳು ತಂದು ನನ್ನ ಇಂಕ್ ಪೆನ್ನಿನ ಮೇಲಿಟ್ಟ.

ಇಷ್ಟು ವರ್ಷ ಗೀಚಿದ್ದೇನೆ, ನನಗೇ ಕೇಳಿರಲಿಲ್ಲ.

ಈಗ ಅದೇ ಆಟ. ಕಣ್ಣು ಮುಚ್ಚಿ ಕೂತಿದ್ದಾನೆ. ನಾನು ಬರೆದರೆ “ಈಗ!” ಎನ್ನುತ್ತಾನೆ, ನಿಲ್ಲಿಸಿದರೆ “ಸ್ಟಾಪ್!” ನಾಲ್ಕಕ್ಕೆ ನಾಲ್ಕೂ ಸರಿ. ಹೇಮ ಲೇಟಾಯ್ತು ಎನ್ನುತ್ತಿದ್ದಾಳೆ. ಇನ್ನೊಂದೇ ಒಂದು ಸಲ — ಹೇಳದೆ ಕೇಳದೆ, ಈ ವಾಕ್ಯದ ನಡು