ಹತ್ತನೇ ಮರದ ತೊಗಟೆ

ಮಂಗಳವಾರ, ಮಧ್ಯಾಹ್ನದ ಊಟವಾದ ಮೇಲೆ

ನಮ್ಮ ಮನೆತನದ ಮೊದಲ ವಿಜ್ಞಾನಿಯಾದ ಗುಬ್ಬಿಗೆ, ಆ ವಿಜ್ಞಾನಿಗೆ ಸೈಕಲ್ ಕಲಿಸಿದ ಸೋದರಮಾವನ ಆಶೀರ್ವಾದ.

ಚೀಲಗಳನ್ನು ಅದಲುಬದಲು ಮಾಡಿದಿರಾ ಮಾವ ಎಂದು ಕೇಳಿದ್ದೀಯ. ಓದಿದ್ದು ನಾಲ್ಕನೇ ಕ್ಲಾಸಾದರೂ ಹತ್ತರವರೆಗೆ ಎಣಿಸಲು ಬರುತ್ತದೆ ಕಣೆ. ಸೀಸದ ಕಾರ್ಖಾನೆಯ ಗೇಟಿನಿಂದ ಶುರುಮಾಡಿ ಹತ್ತು ಮರ, ಎದೆಯೆತ್ತರದಲ್ಲಿ, ನಾಲ್ಕೂ ಕಡೆಯಿಂದ, ಮೇಲಿನ ತೊಗಟೆ ಮಾತ್ರ ತೆಗೆದೆ. ಕಬ್ಬಿಣ ಸೋಕಿಸಲಿಲ್ಲ, ನೀನು ಕಳಿಸಿದ ಪ್ಲಾಸ್ಟಿಕ್ ಚಾಕುವಿನಲ್ಲೇ ಕೆರೆದೆ. ನಿನ್ನ ಅತ್ತೆ, ಇಷ್ಟು ಕೊಳಕು ಸಿಪ್ಪೆ ಕಳಿಸಿದರೆ ಓದಿದವರು ನಗ್ತಾರೆ, ಒಂದ್ಸಲ ಜಾಲಾಡಿಸಿ ಕೊಡ್ತೀನಿ ಅಂದಳು. ಆ ಕೊಳಕೇ ಸಾಕ್ಷಿ, ಗಾಳಿಯಲ್ಲಿ ಬಂದ ಸೀಸದ ಪುಡಿಯನ್ನು ತೊಗಟೆ ವರ್ಷಗಟ್ಟಲೆ ಹಿಡಿದಿಟ್ಟುಕೊಂಡಿರುತ್ತದೆ ಎಂದು ಅರ್ಧ ಗಂಟೆ ಪಾಠ ಮಾಡಿದೆ. ಕೊನೆಗೆ ಅವಳು ಕೇಳಿದ್ದು, ಹಾಗಾದರೆ ನಿಮ್ಮ ಬನಿಯನ್ನನ್ನೂ ಕಳಿಸೋಣವಾ ಅಂತ.

ಒಂಬತ್ತು ಮರ ಸರಿಯಾಗೇ ಹೇಳಿವೆ. ಗೇಟಿನಿಂದ ದೂರ ಹೋದಷ್ಟೂ ಸೀಸ ಕಡಿಮೆ. ಹತ್ತನೆಯದು ಮಾತ್ರ, ಮೂರು ಮೈಲಿ ಆಚೆಯ ನಮ್ಮ ಹಿತ್ತಲಿನ ಮರ, ಗೇಟಿನ ಮರವನ್ನೂ ಮೀರಿಸಿದೆ. ನಮ್ಮ ಸೀಸಕ್ಕೇನು ರೆಕ್ಕೆ ಇದೆಯಾ, ಊರೆಲ್ಲ ದಾಟಿ ಅಲ್ಲಿ ಹೋಗಿ ಕೂರೋಕೆ ಎಂದು ಕಾರ್ಖಾನೆಯ ವಕೀಲ ನಕ್ಕನಂತೆ. ಶುಕ್ರವಾರದ ವಿಚಾರಣೆಯೊಳಗೆ ಇದಕ್ಕೆ ಉತ್ತರ ಸಿಗದಿದ್ದರೆ ಹತ್ತೂ ಮರದ ಮಾತು ಬಿದ್ದುಹೋಗುತ್ತದೆ, ಗೇಟಿನೆದುರು ಬೀದಿಯ ಮಕ್ಕಳ ಪಾಡು ಕೇಳುವವರಿರುವುದಿಲ್ಲ ಎಂದು ಬರೆದಿದ್ದೀಯ.

ಹೌದು, ಚೀಲ ಬದಲಾಯಿತು ಎಂದು ಒಂದು ಸುಳ್ಳು ಕಾಗದ ಬರೆದು ಅಂಟಿಸಿಯೂ ಇದ್ದೆ. ಆಮೇಲೆ ಹೊಳೆಯಿತು, ಒಂದು ಚೀಲ ಬದಲಾಗಿದೆ ಅಂದರೆ ಉಳಿದ ಒಂಬತ್ತನ್ನು ಯಾರು ನಂಬುತ್ತಾರೆ? ಅದನ್ನು ಒಲೆಗೆ ಹಾಕಿ ಇದನ್ನು ಬರೆಯುತ್ತಿದ್ದೇನೆ.

ನನ್ನ ಬಲೆಗುಂಡು ನಿನಗೆ ಗೊತ್ತಲ್ಲ. ಹೊಳೆಯಲ್ಲಿ ಬಲೆ ಬೀಸುವವರೆಲ್ಲ ಬಲೆ ಮುಳುಗಲೆಂದು ಅಂಚಿಗೆ ಕಟ್ಟಲು ನನ್ನ ಸೀಸದ ಗುಂಡನ್ನೇ ಕೇಳಿಕೊಂಡು ಬರುತ್ತಿದ್ದರು; ಅಷ್ಟು ದುಂಡಗೆ ಯಾರ ಕೈಲೂ ಬರುತ್ತಿರಲಿಲ್ಲ. ಸೀಸ ಎಲ್ಲಿಯದು ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಗುಜರಿಯಿಂದ ಹಳೇ ಬ್ಯಾಟರಿ ತಂದು ಒಡೆದು, ಆ ಮರದ ಬುಡದಲ್ಲೇ ಒಲೆ ಹೂಡಿ ಕರಗಿಸುತ್ತಿದ್ದೆ. ಒಂದಲ್ಲ ಎರಡಲ್ಲ, ಹದಿನೆಂಟು ವರ್ಷ. ಹೊಗೆಯೆಲ್ಲ ನೇರ ಕಾಂಡಕ್ಕೆ. ಕಾರ್ಖಾನೆಯವರಿಗಾದರೂ ಒಂದು ಚಿಮಣಿ ಇದೆ, ನನಗಿದ್ದದ್ದು ಬೀಸಣಿಗೆ. ಅಷ್ಟು ದೊಡ್ಡ ಕಾರ್ಖಾನೆಯನ್ನು ಒಂದು ಬಾಣಲೆಯಲ್ಲಿ ಸೋಲಿಸಿದ್ದೇನೆ ನೋಡು. ಕೊಚ್ಚಿಕೊಳ್ಳಲು ಮಾತ್ರ ಬಾಯಿ ಬರುತ್ತಿಲ್ಲ.

ಹತ್ತನೆಯದು ಊರಾಚೆಯ ಯಾವ ಮರವಾದರೂ ಆದೀತು ಎಂದಿದ್ದೆ ನೀನು. ನನ್ನ ಮರವೂ ಸರ್ಕಾರದ ವರದಿಗೆ ಏರಲಿ ಅಂತ ನನಗೆ ಆಸೆ. ಒಲೆ ಆರಿ ಎಷ್ಟೋ ವರ್ಷವಾಯಿತು, ಮರ ಮರೆತಿರುತ್ತದೆ ಅಂದುಕೊಂಡೆ.

ಇವತ್ತಿನ ಸಂಜೆ ಬಸ್ಸಿನಲ್ಲೇ ಕಳಿಸುತ್ತಿರುವ ಇದರ ಜೊತೆ ಹನ್ನೊಂದನೇ ಚೀಲ ಇದೆ, ನಮ್ಮ ಹಿತ್ತಲಿನಿಂದ ಇನ್ನೂರು ಹೆಜ್ಜೆ ಆಚೆಯ ಮರದ್ದು. ಅದರಲ್ಲಿ ಸೀಸ ಕಡಿಮೆ ಬಂದರೆ ತಪ್ಪು ಗಾಳಿಯದ್ದಲ್ಲ, ನನ್ನದು ಎಂದು ಬರೆದುಬಿಡು. ಶುಕ್ರವಾರ ಬಾಣಲೆ, ಅಚ್ಚು ಎರಡನ್ನೂ ಹಿಡಿದುಕೊಂಡು ನಾನೇ ಬರುತ್ತೇನೆ. ವಕೀಲ ಎಷ್ಟು ಬೇಕಾದರೂ ನಗಲಿ.

ಇಂತಿ ನಿನ್ನ ಮಾವ,
ಹೊಳೆಯ ಎರಡೂ ದಡದಲ್ಲಿ ಗುಂಡಿನವನೆಂದೇ ಹೆಸರಾದವನು

ತಾ.ಕ.: ನಿನ್ನಮ್ಮ ಕೆಲಸಕ್ಕೆ ಹೋಗುತ್ತಿದ್ದ ಮೊದಲ ಎರಡು ವರ್ಷ ನೀನು ಹಗಲೆಲ್ಲ ನಮ್ಮ ಮನೆಯಲ್ಲೇ ಇರುತ್ತಿದ್ದೆ. ನಿನ್ನ ಜೋಲಿ ಕಟ್ಟುತ್ತಿದ್ದದ್ದು ಆ ಮರದ ಕೊಂಬೆಗೆ. ಒಲೆ ಉರಿಯುತ್ತಿದ್ದರೆ ಬೆಚ್ಚಗೆ ಬೇಗ ನಿದ್ದೆ ಹೋಗುತ್ತಿದ್ದೆ. ಇಷ್ಟು ಕಾಲದ ಮೇಲೆ ಏನಾದರೂ ಸಿಗುತ್ತದೋ ಇಲ್ಲವೋ ನನಗೆ ತಿಳಿಯದು, ಆದರೂ ಡಾಕ್ಟರರಿಗೆ ಎಲ್ಲ ಹೇಳಿ ರಕ್ತ ಪರೀಕ್ಷೆ ಮಾಡಿಸು. ಅಕ್ಕನಿಗೆ ನಾನೇ ಹೇಳುತ್ತೇನೆ.