ಮೊಂಡು ಸೂಜಿಯ ಸಾಕ್ಷಿ

ಜುಲೈ 17, ಗುರುವಾರ. ವೇಲಚೇರಿ.

ಹೊಸ ಸೂಜಿ ತರಿಸುತ್ತೇವೆ ಎಂದರು ಕಂಪನಿಯವರು, ತರಿಸಲಿಲ್ಲ. ಅಳತೆ ತಪ್ಪಿದರೆ ಯಂತ್ರ ನಿಲ್ಲಿಸುವ ಹಕ್ಕು ನಿಮ್ಮದೇ ಎಂದರು, ಇಂದು ಅದನ್ನೂ ಕಿತ್ತುಕೊಂಡರು.

ಕೃತಕ ಮಂಡಿಕೀಲಿನ ಮೈಯನ್ನು ಸೂಜಿಯಿಂದ ಸವರಿ ಒರಟುತನ ಅಳೆಯುವ ಸೂಕ್ಷ್ಮದರ್ಶಕ ನಮ್ಮದು. ಸೂಜಿ ಸವೆದಿದೆ. ಒರಟೆಂದು ಗೊತ್ತಿರುವ ಮಾದರಿ ತುಣುಕನ್ನೇ ಇಟ್ಟು ನೋಡಿದೆ. ಅದನ್ನೂ ನುಣುಪು ಎಂದಿತು. ಮೊಂಡು ಸೂಜಿ ಮೈಮೇಲಿನ ಸಣ್ಣ ಸಣ್ಣ ಗುಂಡಿಗಳೊಳಗೆ ಇಳಿಯುವುದೇ ಇಲ್ಲ.

“ನುಣುಪು ಅಂತ ಬಂದೈತಲ್ಲವಾ, ಸುಮ್ನ ಸಹಿ ಹಾಕು ತಂಗಿ,” ಎಂದು ನಕ್ಕರು ಮ್ಯಾನೇಜರ್ ಹಾಲಸಿದ್ದಪ್ಪ.

“ನಿಮ್ಮ ಅವ್ವನ ಮಂಡಿಗೆ ಇದನ್ನ ಹಾಕಸ್ತೀರೇನ್ರಿ?”

ನಗು ನಿಂತಿತು. ಸಂಜೆಯ ಹೊತ್ತಿಗೆ ಗೇಟು ನನ್ನ ಕಾರ್ಡಿಗೆ ತೆರೆಯಲಿಲ್ಲ. ಒಳಗೆ ಮಂಡಿಕೀಲುಗಳ ಪೆಟ್ಟಿಗೆಗಳಿಗೆ ಟೇಪು ಸುತ್ತುವ ಸದ್ದು ಮಾತ್ರ ನಿಲ್ಲಲಿಲ್ಲ, ಈಗಲೂ ಕಿವಿಯಲ್ಲಿದೆ.

ಸೋಮವಾರ ಅವು ಆಸ್ಪತ್ರೆಗೆ ಹೊರಡುತ್ತವೆ. ಅವನ್ನು ತಡೆಯಲು ಲ್ಯಾಬಿನವರೆಲ್ಲ ಸೇರುವುದು ಪೋರೂರು ಕೆರೆಯ ಬಳಿ, ಭಾನುವಾರ, ಸಂಜೆ ಐದಕ್ಕೆ.